ಪಕ್ಕದಲ್ಲಿ ಪೈಲಿಂಗ್, ಕೆಳಗೆ ಸುರಂಗ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಮನೆ ಅಡಿಪಾಯದ ಬಗ್ಗೆ ಬರೆಯುವಾಗ ಕೊನೆಗೆ ಒಂದು ಸಾಲು ಸೇರಿಸಿದ್ದೆ. ಊರೊಳಗೆ ಪೈಲ್, ಅಂದರೆ ಕಟ್ಟಡದ ಭಾರ ಹೊರಲು ನೆಲದಾಳಕ್ಕೆ ಹೋಗುವ ಕಂಬ, ಇಳಿಸುವವರು ಕೆಳಗೆ ಸುರಂಗ ಇದೆಯಾ ಅಂತ ಮೊದಲು ನೋಡಿಕೊಳ್ಳಬೇಕು ಎಂದು. ಆ ಒಂದು ಸಾಲಿಗೆ ಬಂದಷ್ಟು ಪತ್ರ ಇಡೀ ಲೇಖನಕ್ಕೆ ಬರಲಿಲ್ಲ! ಒಂದೇ ತರಹದವನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇನೆ.

ಪ್ರ: ನಮ್ಮ ಅಂಗಡಿ ಚಿಕ್ಕಪೇಟೆ ಮೆಟ್ರೊ ಸ್ಟೇಷನ್ನಿಗೆ ಹತ್ತಿರ. ಪಕ್ಕದ ಹಳೇ ಕಟ್ಟಡ ಕೆಡವಿ ಎಂಟು ಮಹಡಿ ಕಟ್ಟುತ್ತಾರಂತೆ, ಪೈಲ್ ಹಾಕುತ್ತಾರಂತೆ. ಸುರಂಗ ಕಾಂಕ್ರೀಟಿನದ್ದೇ ತಾನೇ, ಅದಕ್ಕೇನಾಗುತ್ತೆ ಅನ್ನುತ್ತಾರೆ. ನಿಜಾನಾ?

ಉ: ಕಾಂಕ್ರೀಟಿನದ್ದು ಹೌದು, ಆದರೆ ಒಂದೇ ಎರಕದ ಕೊಳವೆ ಅಂದುಕೊಳ್ಳಬೇಡಿ. ಬಾವಿಗೆ ಇಳಿಸುವ ಸಿಮೆಂಟ್ ರಿಂಗ್ ನೋಡಿದ್ದೀರಲ್ಲ? ಅಂಥವನ್ನು ಅಡ್ಡ ಮಲಗಿಸಿ ಸಾಲಾಗಿ ಜೋಡಿಸಿದರೆ ಹೇಗೋ ಹಾಗೆ ಮೆಟ್ರೊ ಸುರಂಗ. ಒಳಗಿನ ಅಗಲ ಐದೂಮುಕ್ಕಾಲು ಮೀಟರ್ ಆಸುಪಾಸು, ಗೋಡೆಯ ದಪ್ಪ ಒಂದು ಅಡಿಗಿಂತ ತುಸು ಕಡಿಮೆ. ಇಷ್ಟು ದೊಡ್ಡ ರಿಂಗನ್ನು ಇಡಿಯಾಗಿ ಒಳಗೆ ಒಯ್ಯೋದು ಹೇಗೆ? ಅದಕ್ಕೇ ಒಂದೊಂದು ರಿಂಗನ್ನೂ ಐದಾರು ಬಾಗಿದ ತುಂಡುಗಳಲ್ಲಿ ತಂದು, ಒಳಗೇ ಬೋಲ್ಟ್ ಹಾಕಿ ಕೂಡಿಸುತ್ತಾರೆ. ನೀರು ಬರದಿರಲಿ ಅಂತ ಸಂದಿಗಳಿಗೆ ರಬ್ಬರ್ ಪಟ್ಟಿ ಕೂರಿಸಿರುತ್ತಾರೆ. ಸೈಟಿನಲ್ಲಿ ಆ ತುಂಡುಗಳಿಗೆ ಸೆಗ್ಮೆಂಟ್ ಅನ್ನುತ್ತಾರೆ.

ಈ ರಿಂಗು ಗುಂಡಗೆ ನಿಂತಿರೋದು ಬರೀ ಬೋಲ್ಟಿನ ಬಲದಿಂದ ಅಲ್ಲ. ಸುತ್ತಲಿನ ಮಣ್ಣು ನಾಲ್ಕೂ ಕಡೆಯಿಂದ ಅದನ್ನು ಒತ್ತಿ ಹಿಡಿದಿದೆ. ಒಂದು ಕಡೆ ಒತ್ತಡ ಜಾಸ್ತಿಯಾದರೂ ಕಷ್ಟ, ಒಂದು ಕಡೆ ಕಡಿಮೆಯಾದರೂ ಕಷ್ಟ. ರಿಂಗು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಕಣ್ಣಿಗೆ ಕಾಣುವಷ್ಟೇನಲ್ಲ, ಕೆಲವು ಮಿಲಿಮೀಟರ್ ಅಷ್ಟೆ. ಆದರೆ ಅಷ್ಟಕ್ಕೇ ಸಂದಿ ಬಾಯಿ ಬಿಡಬಹುದು, ರಬ್ಬರ್ ಪಟ್ಟಿಯ ಹಿಡಿತ ಸಡಿಲವಾಗಿ ನೀರು ಜಿನುಗಬಹುದು, ಸೆಗ್ಮೆಂಟಿನ ಮೂಲೆ ಸಿಡಿಯಬಹುದು. ಹಳಿಯೂ ಅದೇ ರಿಂಗಿನ ಮೇಲೆ ತಾನೇ ಕೂತಿರೋದು, ಅದೂ ಜೊತೆಗೆ ಅಲುಗುತ್ತದೆ.

ಪೈಲ್ ಏನು ಮಾಡುತ್ತದೆ? ಕೊರೆಯುವಾಗ ಒಂದು ಕಾಟ. ತೂತು ತೆಗೆದಾಗ ಪಕ್ಕದ ಮಣ್ಣಿಗೆ ಆಸರೆ ತಪ್ಪಿ ಅದು ತೂತಿನ ಕಡೆಗೆ ವಾಲುತ್ತದೆ. ಅದಕ್ಕೇ ತೂತಿಗೆ ಕೇಸಿಂಗ್ ಅನ್ನುವ ಉಕ್ಕಿನ ಕೊಳವೆ ಇಳಿಸುವುದು, ಬೆಂಟೊನೈಟ್ ಅನ್ನುವ ಜೇಡಿಯ ರಾಡಿ ತುಂಬಿ ನಿಲ್ಲಿಸುವುದು. ಕೆಲಸಗಾರರು ಅವಸರ ಮಾಡಿ ಕೇಸಿಂಗ್ ಅರ್ಧಕ್ಕೇ ಬಿಟ್ಟರೆ ಮಣ್ಣು ಕುಸಿಯುತ್ತದೆ, ಸುರಂಗದ ಪಕ್ಕದ ಹಿಡಿತ ಸಡಿಲವಾಗುತ್ತದೆ. ಕಟ್ಟಡ ಮೇಲೇರಿದಂತೆ ಇನ್ನೊಂದು ಕಾಟ ಶುರು, ಅದು ಭಾರದ್ದು. ಗದ್ದೆಯ ಕೆಸರಿನಿಂದ ಕಾಲು ಕೀಳುವಾಗ ಕೆಸರು ಮೀನಖಂಡದವರೆಗೂ ಹಿಡಿದುಕೊಳ್ಳುತ್ತದಲ್ಲ, ಪೈಲನ್ನೂ ಮಣ್ಣು ಹಾಗೇ ಮೈಯುದ್ದಕ್ಕೂ ಹಿಡಿದಿರುತ್ತದೆ. ಕಟ್ಟಡದ ಭಾರ ಬರೀ ಪೈಲಿನ ತುದಿಗೆ ಹೋಗೋದಿಲ್ಲ, ದಾರಿಯುದ್ದಕ್ಕೂ ಪಕ್ಕದ ಮಣ್ಣಿಗೆ ಹಂಚಿಹೋಗುತ್ತದೆ. ಆ ಮಣ್ಣಿನಲ್ಲಿ ಸುರಂಗವಿದ್ದರೆ ಅದಕ್ಕೂ ಪಾಲು ಸಿಗುತ್ತದೆ.

ಹಾಗಾಗಿ ನಿಮ್ಮ ಪಕ್ಕದವರನ್ನು ಪೈಲ್ ಸುರಂಗದಿಂದ ಎಷ್ಟು ದೂರ ಅಂತ ಮಾತ್ರ ಕೇಳಬೇಡಿ. ಎಷ್ಟು ಆಳಕ್ಕೆ ಹೋಗುತ್ತೆ ಅಂತಲೂ ಕೇಳಿ. ಪೈಲಿನ ತುದಿ ಸುರಂಗದ ನೆತ್ತಿಯ ಮಟ್ಟದಲ್ಲೋ ಅದಕ್ಕಿಂತ ಸ್ವಲ್ಪ ಮೇಲೋ ನಿಂತರೆ ಭಾರವೆಲ್ಲ ಸುರಂಗದ ತಲೆಯ ಮೇಲೇ ಹೋಗಿ ಕೂರುತ್ತದೆ. ತುದಿ ಸುರಂಗದ ತಳಕ್ಕಿಂತಲೂ ಕೆಳಗೆ, ಗಟ್ಟಿ ಬಂಡೆಯಲ್ಲಿ ಕೂತರೆ ಕಾಟ ಬಹಳ ಕಡಿಮೆ. ಅಷ್ಟಾದರೂ ನಡುವಿನ ಮಣ್ಣು ಭಾರ ಹೊರಬಾರದು ಅಂತ, ಸುರಂಗದ ಎತ್ತರದಲ್ಲಿ ಪೈಲಿಗೆ ಡಾಂಬರು ಬಳಿದ ಹೊರಕವಚ ಹಾಕುವ ಪದ್ಧತಿಯೂ ಇದೆ. ಪೈಲು ಅದರೊಳಗೆ ಜಾರಿ ಭಾರವನ್ನು ನೇರ ಕೆಳಗೇ ಇಳಿಸುತ್ತದೆ. ಖರ್ಚಿನ ಬಾಬತ್ತು, ಅದಕ್ಕೇ ಬಿಲ್ಡರ್‌ಗಳು ಮುಖ ಸಿಂಡರಿಸುತ್ತಾರೆ.

ಪ್ರ: ಪೈಲ್ ಸುರಂಗಕ್ಕೆ ತಾಗದೇ ಇದ್ದರೆ ಚಿಂತೆಯಿಲ್ಲ ಅಲ್ವಾ? ನಿಜವಾಗಿ ಅನಾಹುತ ಆದದ್ದು ಎಲ್ಲಾದರೂ ಇದೆಯಾ, ಅಥವಾ ಎಂಜಿನಿಯರುಗಳು ಸುಮ್ನೆ ಹೆದರಿಸುತ್ತೀರಾ? (ಹುಬ್ಬಳ್ಳಿಯ ಗುತ್ತಿಗೆದಾರರೊಬ್ಬರು)

ಉ: ತಾಗದ ಪೈಲಿನ ಕಥೆಯನ್ನೇ ಹೇಳುತ್ತೇನೆ, ಕೇಳಿ. ಊರು ಅಮೆರಿಕದ ಶಿಕಾಗೊ. ಅಲ್ಲಿ ಪೇಟೆಯ ಕೆಳಗೆ, ಸುಮಾರು 40 ಅಡಿ ಆಳದಲ್ಲಿ, ನೂರು ವರ್ಷದ ಹಿಂದೆ ತೋಡಿದ ಪುಟ್ಟ ಸುರಂಗಗಳ ಬಲೆಯೇ ಇದೆ. ಎಲ್ಲ ಸೇರಿದರೆ ಹತ್ತಿರಹತ್ತಿರ 100 ಕಿಲೋಮೀಟರ್. ಆಟಿಕೆಯಂಥ ಸಣ್ಣ ವಿದ್ಯುತ್ ರೈಲುಗಳು ಅಂಗಡಿ, ಕಚೇರಿಗಳ ನೆಲಮಾಳಿಗೆಗೆ ಕಲ್ಲಿದ್ದಲು ತಂದು ಬೂದಿ ಹೊತ್ತೊಯ್ಯುತ್ತಿದ್ದವು. 1959ರಲ್ಲಿ ಅದು ನಿಂತಿತು. ಆಮೇಲೆ ಕೇಬಲ್ ಎಳೆಯುವವರನ್ನು ಬಿಟ್ಟರೆ ಬೇರೆ ಯಾರಿಗೂ ಅದರ ನೆನಪಿಲ್ಲ. ಆದರೆ ನೆಲಮಾಳಿಗೆಗಳ ಬಾಗಿಲು ಹಾಗೇ ಉಳಿದಿದ್ದವು.

1991ರ ಸೆಪ್ಟೆಂಬರಿನಲ್ಲಿ ಶಿಕಾಗೊ ನದಿಯ ಕಿಂಜಿ ಸ್ಟ್ರೀಟ್ ಸೇತುವೆಗೆ ದೋಣಿಗಳು ಬಡಿಯದಿರಲಿ ಅಂತ ಕಾವಲು ಮರದ ಕಂಬಗಳ ಹಳೇ ಗುಂಪು ಕಿತ್ತು ಹೊಸದು ಬಡಿದರು. ಹಳೇ ಜಾಗದಲ್ಲೇ ಬಡಿದಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಸೇತುವೆ ಕಾಯುವವನ ಗೂಡಿಗೆ ಪೆಟ್ಟಾದೀತು ಅಂತ ಸುಮಾರು ಮೂರೂವರೆ ಅಡಿ ಪಕ್ಕಕ್ಕೆ ಸರಿಸಿದರು. ಕಂಬ ಸುರಂಗವನ್ನು ಚುಚ್ಚಲಿಲ್ಲ. ಅದು ಪಕ್ಕಕ್ಕೆ ತಳ್ಳಿದ ಜೇಡಿಮಣ್ಣು ಸುರಂಗದ ಗೋಡೆಯನ್ನು ಒತ್ತಿ ಒಡೆಯಿತು.

ನನಗೆ ಹೊಟ್ಟೆ ಉರಿಯುವುದು ಮುಂದಿನ ಭಾಗಕ್ಕೆ. 1992ರ ಜನವರಿಯಲ್ಲಿ ಕೇಬಲ್ ಟಿವಿಯವರು ಸುರಂಗದೊಳಗೆ ಹೋದಾಗ ಒಡೆದ ಗೋಡೆಯಿಂದ ಕೆಸರು ನಿಧಾನಕ್ಕೆ ಒಳಗೆ ಬರುತ್ತಿತ್ತು. ಅವರು ವಿಡಿಯೊ ಮಾಡಿದರು. ನಗರಾಡಳಿತಕ್ಕೆ ಸುದ್ದಿ ಹೋಯಿತು. ರಿಪೇರಿಗೆ 10,000 ಡಾಲರ್ ಅಂದಾಜು ಬಂತು. ಜಾಸ್ತಿಯಾಯಿತು, ಬೇರೆಯವರ ದರ ಕೇಳೋಣ ಅಂದರು. ಅಷ್ಟರಲ್ಲಿ ಏಪ್ರಿಲ್ 13ರ ಬೆಳಿಗ್ಗೆ ಮಿಕ್ಕ ಮಣ್ಣೂ ಕೊಚ್ಚಿಹೋಗಿ ನದಿಯೇ ಸುರಂಗಕ್ಕೆ ನುಗ್ಗಿತು. 25 ಕೋಟಿ ಗ್ಯಾಲನ್ ನೀರು, ನಮ್ಮ ಲೆಕ್ಕಕ್ಕೆ 90 ಕೋಟಿ ಲೀಟರಿಗಿಂತ ಜಾಸ್ತಿ. ಬೀದಿಯಲ್ಲಿ ಒಂದು ಹನಿಯಿಲ್ಲ, ನೆಲಮಾಳಿಗೆಗಳಲ್ಲಿ ಮಾತ್ರ ಮೀನು! ಕರೆಂಟು ತೆಗೆದು ಪೇಟೆಯನ್ನೇ ಖಾಲಿ ಮಾಡಿಸಬೇಕಾಯಿತು. ತೂತು ಮುಚ್ಚಲು ಕಲ್ಲು, ಸಿಮೆಂಟು, ಕೊನೆಗೆ ಹಾಸಿಗೆಗಳನ್ನೂ ತುರುಕಿದರು. ನಷ್ಟ ನೂರು ಕೋಟಿ ಡಾಲರ್ ದಾಟಿತು. ಕೋರ್ಟು ಕೇಸು 1995ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕಂಬ ಬಡಿದ ಯಂತ್ರ ನದಿಯ ಮೇಲೆ ತೇಲುವ ಬಾರ್ಜಿನಲ್ಲಿತ್ತು, ಹಾಗಾಗಿ ಇದು ಹಡಗಿನ ಕಾನೂನಿಗೆ ಬರುತ್ತಾ ಅನ್ನೋದೇ ಅಲ್ಲಿನ ಪ್ರಶ್ನೆ. ಬರುತ್ತೆ ಅಂತ ತೀರ್ಪಾಯಿತು.

ಕಂಬ ಬಡಿದ ಮೇಲೆ ನದಿ ನುಗ್ಗಲು ಏಳು ತಿಂಗಳು ಹಿಡಿಯಿತು ಅನ್ನೋದನ್ನು ಗಮನಿಸಿ. ಪೈಲಿಂಗ್ ಮುಗಿದ ದಿನ ಏನೂ ಆಗಲಿಲ್ಲ, ಬಿಲ್ ಪಾಸ್ ಮಾಡಿ ಅನ್ನುವ ಗುತ್ತಿಗೆದಾರರಿಗೆ ನಾನು ಈ ಕಥೆ ಹೇಳುವುದು ಅದಕ್ಕೇ. ನಿಮಗಲ್ಲ ಬಿಡಿ, ಸುಮ್ನೆ ಹೇಳಿದೆ.

ಪ್ರ: ಬಡಿಯುವ ಪೈಲ್ ಒಳ್ಳೆಯದಾ, ಕೊರೆಯುವ ಪೈಲ್ ಒಳ್ಳೆಯದಾ?

ಉ: ಸುರಂಗದ ಪಕ್ಕ ಬಡಿಯುವ ಪೈಲ್ ಬೇಡವೇ ಬೇಡ. ರಾಗಿ ಮುದ್ದೆಗೆ ಬೆರಳು ಒತ್ತಿ ನೋಡಿ, ಪಕ್ಕ ಉಬ್ಬುತ್ತದೆ. ಬಡಿದ ಪೈಲ್ ತನ್ನ ಗಾತ್ರದಷ್ಟು ಮಣ್ಣನ್ನು ಪಕ್ಕಕ್ಕೆ ತಳ್ಳಲೇಬೇಕು. ಶಿಕಾಗೊದಲ್ಲಿ ಆದದ್ದೂ ಅದೇ. ಜೊತೆಗೆ ಪ್ರತಿ ಏಟಿನ ಅದುರು ಬೇರೆ. ಕೊರೆದು ತುಂಬುವ ಪೈಲ್ ವಾಸಿ, ಅದರಲ್ಲೂ ತಿರುಗಿಸಿ ಕೊರೆಯುವ ರೋಟರಿ ರಿಗ್‌ನದು. ಉಳಿ ಎತ್ತಿ ಹಾಕಿ ಬಂಡೆ ಕುಟ್ಟುವ ಹಳೇ ಪದ್ಧತಿಯಲ್ಲಿ ಅದುರು ಜಾಸ್ತಿ.

ಪ್ರ: ಇಷ್ಟೆಲ್ಲ ನಕ್ಷೆ, ಜಿಪಿಎಸ್ ಇರುವ ಕಾಲದಲ್ಲಿ ಯಾರಾದರೂ ತಿಳಿಯದೇ ಸುರಂಗಕ್ಕೇ ಪೈಲ್ ಹೊಡೆಯೋಕಾಗುತ್ತಾ? (ದಾವಣಗೆರೆ, ಎಂಜಿನಿಯರಿಂಗ್ ವಿದ್ಯಾರ್ಥಿ)

ಉ: ಆಗಿದೆ, ಅದೂ ಲಂಡನ್ನಿನಲ್ಲಿ. 2013ರ ಮಾರ್ಚ್ 8ರ ಬೆಳಿಗ್ಗೆ ಓಲ್ಡ್ ಸ್ಟ್ರೀಟ್ ಸ್ಟೇಷನ್ನಿನ ಉತ್ತರಕ್ಕೆ ಸುರಂಗದ ಚಾವಣಿಯಿಂದ ನೀರು ಸುರಿಯುತ್ತಿದೆ ಅಂತ ರೈಲು ಚಾಲಕನೊಬ್ಬ ತಿಳಿಸಿದ. ಪ್ರಯಾಣಿಕರಿಲ್ಲದ ಇನ್ನೊಂದು ರೈಲಿನ ಚಾಲಕನಿಗೆ ನಿಧಾನಕ್ಕೆ ಹೋಗಿ ನೋಡಿ ಬಾ ಅಂದರು. ಅವನು ನೀರಿಗೆ ಸ್ವಲ್ಪ ಮುಂಚೆಯೇ ನಿಲ್ಲಿಸಿದ. ದೀಪದ ಬೆಳಕಿನಲ್ಲಿ ಕಂಡದ್ದು ಎರಡು ದೊಡ್ಡ ಆಗರ್‌ಗಳು, ಅಂದರೆ ಪೈಲ್ ಕೊರೆಯುವ ತಿರುಪಿನ ಅಲಗುಗಳು, ಗೋಡೆ ತೂರಿ ಹಳಿಯ ದಾರಿಗೇ ಇಳಿದಿದ್ದವು. ಸುಮಾರು 13 ಮೀಟರ್ ಮೇಲೆ ಒಂದು ಸೈಟಿನಲ್ಲಿ ಪೈಲಿಂಗ್ ನಡೆದಿತ್ತು. ಮೊದಲ ರೈಲು ಹೋದದ್ದು ಇನ್ನೊಂದು ಗಳಿಗೆ ತಡವಾಗಿದ್ದರೆ ಏನಾಗುತ್ತಿತ್ತೋ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಆ ಸುರಂಗ ಗುಟ್ಟಿನದೇನಲ್ಲ. 1904ರಿಂದ ರೈಲು ಓಡುತ್ತಿರುವ ದಾರಿ. ಆದರೆ ಕಟ್ಟಡದವರ ಕೈಯಲ್ಲಿದ್ದ ನಕ್ಷೆಯಲ್ಲಿ ಅದು ಇರಲಿಲ್ಲ. ನಕ್ಷೆಯಲ್ಲಿಲ್ಲ, ಹಾಗಾಗಿ ನೆಲದಲ್ಲೂ ಇಲ್ಲ ಅಂದುಕೊಂಡರು.

ನೀವು ಇನ್ನೂ ಓದುತ್ತಿದ್ದೀರಿ, ಒಂದು ಮಾತು ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ನಿಮಗೆ ಪೈಲಿನ ಲೆಕ್ಕ ಕಲಿಸುತ್ತಾರೆ, ಸಾಫ್ಟ್‌ವೇರ್ ಬಣ್ಣಬಣ್ಣದ ಚಿತ್ರ ಕೊಡುತ್ತದೆ. ಸುರಂಗ ಇರುವುದೇ ತಿಳಿಯದವನಿಗೆ ಆ ಚಿತ್ರದಲ್ಲಿ ಸುರಂಗ ಕಾಣೋದಿಲ್ಲ. ಸೈಟಿಗೆ ಹೋದ ಮೊದಲ ದಿನ ಸುತ್ತ ಒಂದು ಫರ್ಲಾಂಗು ನಡೆಯಿರಿ. ಫುಟ್‌ಪಾತಿನ ಮೇಲೆ ಗಾಳಿ ಬಿಡುವ ಜಾಲರಿ ಇದೆಯಾ, ನಡುರಾತ್ರಿ ನೆಲ ಸಣ್ಣಗೆ ಅದುರುತ್ತಾ, ಚಹದಂಗಡಿಯವನು ಏನು ಹೇಳುತ್ತಾನೆ, ಎಲ್ಲ ಕೇಳಿಕೊಳ್ಳಿ.

ಪ್ರ: ನಾನು ಸಿಂಗಪುರದಲ್ಲಿದ್ದೇನೆ. ಇಲ್ಲಿ ಎಂಆರ್‌ಟಿ (ಇಲ್ಲಿನ ಮೆಟ್ರೊ) ಹತ್ತಿರ ಒಂದು ಗುಂಡಿ ತೋಡಲೂ ಅನುಮತಿ ಬೇಕು. ಇದು ಅತಿಯಲ್ಲವೇ? ನಮ್ಮ ಬೆಂಗಳೂರಿನಲ್ಲಿ ಹೇಗೆ?

ಉ: ನನಗೆ ಅತಿ ಅನ್ನಿಸುವುದಿಲ್ಲ. ನಿಮ್ಮಲ್ಲಿ ಸುರಂಗದ ಅಂಚಿನಿಂದ 40 ಮೀಟರ್ ರಕ್ಷಣಾ ವಲಯ, ಮತ್ತು ಸುರಂಗವೋ ಹಳಿಯೋ ಒಟ್ಟು 15 ಮಿಲಿಮೀಟರಿಗಿಂತ ಜಾಸ್ತಿ ಸರಿಯಬಾರದು ಅನ್ನೋ ಮಿತಿ. ಹಾಂಗ್‌ಕಾಂಗಿನಲ್ಲಿ 30 ಮೀಟರ್ ಮತ್ತು 20 ಮಿಲಿಮೀಟರ್, ಅದರ ಜೊತೆಗೆ ರೈಲ್ವೆ ಸುರಂಗದ ಹೊರಮೈಯಿಂದ 3 ಮೀಟರಿನೊಳಗೆ ಪೈಲಾಗಲಿ ಬೋರ್‌ವೆಲ್ಲಾಗಲಿ ಬರಕೂಡದು. ಹೊಸ ಕಟ್ಟಡದಿಂದ ಸುರಂಗದ ಮೇಲಿನ ಒತ್ತಡ ಚದರ ಮೀಟರಿಗೆ ಸುಮಾರು ಎರಡು ಟನ್ನಿಗಿಂತ ಹೆಚ್ಚು ಬದಲಾಗಬಾರದು ಅಂತಲೂ ಇದೆ. ಅಂದರೆ ಒಂದು ಮಾರು ಎತ್ತರದ ನೀರಿನ ಭಾರದಷ್ಟು.

ಹದಿನೈದು ಮಿಲಿಮೀಟರ್ ಅಂದರೆ ಕಿರುಬೆರಳಿನ ಅಗಲ. ಇದನ್ನು ಅಳೆಯೋದು ಹೇಗೆ ಅಂತ ಕೇಳುತ್ತೀರಿ, ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. ಯಾವ ಊರು, ಯಾರ ಸೈಟು ಬೇಡ. ಕೊನೆಯ ರೈಲು ಹೋಗಿ ಕರೆಂಟು ತೆಗೆದ ಮೇಲೆ ನಮಗೆ ಸಿಗುವುದು ಮೂರು ತಾಸು. ಸುರಂಗದೊಳಗೆ ಸುಮಾರು ಐದೈದು ಮೀಟರಿಗೊಮ್ಮೆ ರಿಂಗಿನ ನೆತ್ತಿಗೆ, ಎರಡು ಭುಜಕ್ಕೆ, ಹಳಿಯ ಪಕ್ಕಕ್ಕೆ ಗೋಲಿಗಿಂತ ತುಸು ದೊಡ್ಡ ಗಾಜಿನ ಪ್ರಿಸಂ ಅಂಟಿಸಿದ್ದರು. ಗೋಡೆಗೆ ಕಟ್ಟಿದ ಯಂತ್ರವೊಂದು ಕೊಕ್ಕರೆಯ ಹಾಗೆ ಕತ್ತು ತಿರುಗಿಸುತ್ತಾ ಒಂದೊಂದನ್ನೇ ನೋಡಿ ಎಷ್ಟು ಸರಿದಿದೆ ಅಂತ ಬರೆದುಕೊಳ್ಳುತ್ತದೆ. ಮೇಲೆ ಪೈಲಿಂಗ್ ಶುರುವಾಗಿ ಹನ್ನೊಂದನೇ ದಿನ. ಒಂದೇ ಒಂದು ಪ್ರಿಸಂ ನಾಲ್ಕು ಮಿಲಿಮೀಟರ್ ತೋರಿಸಿತು, ಅಕ್ಕಪಕ್ಕದವು ಸೊನ್ನೆ. ಹತ್ತಿರ ಹೋಗಿ ಟಾರ್ಚ್ ಹಿಡಿದರೆ ಗಾಜಿನ ಮೇಲೆ ನೀರಿನ ಹನಿ, ಅದರ ಮೇಲಿನ ಸಂದಿಯಲ್ಲಿ ಹಸಿ ಸುಣ್ಣದ ಬಿಳಿ ಗೆರೆ. ಹನಿ ಒರೆಸಿದೆವು, ಅಳತೆ ಸೊನ್ನೆಗೆ ಬಂತು. ಎಲ್ಲರೂ ನಕ್ಕೆವು. ಆಮೇಲೆ ಒಬ್ಬ ಹಳೇ ಸರ್ವೇಯರ್ ಕೇಳಿದ, ಅದ್ಸರಿ, ಈ ಹನಿ ಹೋದ ವಾರ ಇತ್ತಾ? ಇರಲಿಲ್ಲ. ನಗು ನಿಂತಿತು. ಮಾರನೇ ದಿನ ಮೇಲೆ ಪೈಲಿಂಗ್ ನಿಲ್ಲಿಸಿ ನೋಡಿದರೆ ಒಂದು ಗುಂಡಿಯಲ್ಲಿ ಕೇಸಿಂಗ್ ಹೇಳಿದ್ದಕ್ಕಿಂತ ಎರಡು ಮೀಟರ್ ಗಿಡ್ಡ ಇಳಿಸಿದ್ದರು.

ಬೆಂಗಳೂರಿನಲ್ಲೂ ಮೆಟ್ರೊ ಪಕ್ಕ ಕಟ್ಟಲು ಮೆಟ್ರೊ ನಿಗಮದ ಎನ್‌ಒಸಿ ಬೇಕು. ಆದರೆ ನಮ್ಮ ನೆಲವೇ ಬೇರೆ. ಲಂಡನ್ನಿನದು ಒಂದೇ ಸಮನಾದ ಜೇಡಿಮಣ್ಣು. ನಮ್ಮದು ಮೇಲೆ ಕೆಂಪು ಮಣ್ಣು, ನಡುವೆ ಕೊಳೆತ ಕಲ್ಲು, ಅದರೊಳಗೆ ಅಲ್ಲಲ್ಲಿ ಆನೆಯಷ್ಟು ಗುಂಡುಕಲ್ಲು, ಕೆಳಗೆ ನೈಸ್ (gneiss) ಅನ್ನುವ ಜಾತಿಯ ಗಟ್ಟಿ ಬಂಡೆ. ಹತ್ತು ಹೆಜ್ಜೆ ಆಚೆ ಈಚೆ ಬಂಡೆಯ ಮಟ್ಟವೇ ಬದಲು. ಗಟ್ಟಿ ಬಂಡೆಯೊಳಗಿನ ಸುರಂಗಕ್ಕೆ ಪಕ್ಕದ ಪೈಲ್ ಲೆಕ್ಕಕ್ಕೇ ಇಲ್ಲ. ಅರ್ಧ ಬಂಡೆ, ಅರ್ಧ ಮಣ್ಣಿನಲ್ಲಿ ಕೂತ ಸುರಂಗಕ್ಕೆ ಅದೇ ಪೈಲ್ ದೊಡ್ಡ ತಲೆನೋವು. ಒಂದು ಸೈಟಿಗೆ ಒಂದೇ ಬೋರ್ ಹೊಡೆದು ಮಣ್ಣಿನ ವರದಿ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಪ್ರ: ಪೈಲ್ ಬಿಡಿ, ನಾವು ಬರೀ ಮೂರು ಬೇಸ್‌ಮೆಂಟ್ ತೋಡುತ್ತೇವೆ. ಭಾರ ತೆಗೆಯುತ್ತಿದ್ದೇವೆ, ಹಾಕುತ್ತಿಲ್ಲ. ಸುರಂಗಕ್ಕೆ ಒಳ್ಳೆಯದೇ ತಾನೇ?

ಉ: ಅಲ್ಲ. ಭಾರ ತೆಗೆದರೆ ಕೆಳಗಿನ ಮಣ್ಣು ಮೇಲಕ್ಕೆ ಉಬ್ಬುತ್ತದೆ, ಸುರಂಗವನ್ನೂ ಎತ್ತುತ್ತದೆ. ಲಂಡನ್ನಿನ ಶೆಲ್ ಸೆಂಟರ್ ಅನ್ನುವ ದೊಡ್ಡ ಕಚೇರಿ ಕಟ್ಟಡ ಕಟ್ಟುವಾಗ ಅಲ್ಲಿನ ಮೆಟ್ರೊದ ಬೇಕರ್ಲೂ ಮಾರ್ಗದ ಸುರಂಗಗಳ ಮೇಲಿನ ಮಣ್ಣನ್ನು ತೋಡಿ ತೆಗೆದರು. ಸುರಂಗ ಏಳುತ್ತದೆ ಅಂತ ಗೊತ್ತಿತ್ತು. ಆದರೆ 1959ರಿಂದ 1986ರವರೆಗೆ ಅಳೆದು ನೋಡಿದರೆ ಕೆಲಸ ಮುಗಿದು ಎಷ್ಟೋ ವರ್ಷವಾದರೂ ಅದು ನಿಧಾನಕ್ಕೆ ಏಳುತ್ತಲೇ ಇತ್ತು. ಜೇಡಿಮಣ್ಣು ನೀರು ಹೀರಿ ಉಬ್ಬಲು ಅದಕ್ಕೆ ಅದರದೇ ಸಮಯ ಬೇಕು. ಬೆಂಗಳೂರಿನ ಮಣ್ಣು ಇಷ್ಟು ಕಾಯಿಸೋದಿಲ್ಲ. ನಮ್ಮಲ್ಲಿ ಹೆಚ್ಚಿನ ಅಪಾಯ ಬೇಸ್‌ಮೆಂಟಿನ ನೀರು ಹೊರಹಾಕುವ ಪಂಪಿನದು. ತಿಂಗಳುಗಟ್ಟಲೆ ಅಂತರ್ಜಲ ಎಳೆದರೆ ಸುತ್ತಲಿನ ಮಣ್ಣು ಕುಗ್ಗುತ್ತದೆ, ಸುರಂಗದ ಜೊತೆಗೆ ಪಕ್ಕದ ಮನೆಗಳೂ ಇಳಿಯುತ್ತವೆ.

ಪ್ರ: ಮೆಟ್ರೊ ಬಂದ ಮೇಲೆ ನಮ್ಮ ಮನೆ ಗೋಡೆ ಬಿರುಕು ಬಿಟ್ಟಿದೆ. ಇದೂ ಪೈಲಿಂಗಿನಿಂದಾನಾ? (ಟ್ಯಾನರಿ ರಸ್ತೆ)

ಉ: ಇದು ಉಲ್ಟಾ ದಿಕ್ಕಿನ ಪ್ರಶ್ನೆ, ಸುರಂಗ ತೋಡುವಾಗ ಮೇಲಿನ ಕಟ್ಟಡಕ್ಕೆ ಏನಾಗುತ್ತದೆ ಅನ್ನೋದು. ಅದೂ ನಿಜವೇ. 2023ರ ಜನವರಿಯಲ್ಲಿ ಬ್ರಿಗೇಡ್ ರಸ್ತೆಯಲ್ಲಿ ದಿಢೀರನೆ ಗುಂಡಿ ಬಿದ್ದದ್ದು ನೆನಪಿದೆಯಲ್ಲ. ಕೋಲ್ಕತ್ತದ ಬೌಬಜಾರಿನಲ್ಲಿ 2019ರ ಆಗಸ್ಟ್ ಕೊನೆಗೆ ಸುರಂಗ ಯಂತ್ರ ನೀರಿನ ಪದರಕ್ಕೆ ತಗುಲಿ ಹಳೇ ಮನೆಗಳೇ ಉರುಳಿದವು. ನಿಮ್ಮ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಮೂರು ತಿಂಗಳಲ್ಲಿ ಗೆರೆ ದಾಟಿದರೆ ನನಗೂ ಮೆಟ್ರೊದವರಿಗೂ ಬರೆಯಿರಿ. ದಾಟದಿದ್ದರೆ ಪೇಂಟರ್ ಕರೆಸಿ.

ಪ್ರ: ಬೋರ್‌ವೆಲ್ ಸಣ್ಣ ತೂತು, ಅದರಿಂದ ಸುರಂಗಕ್ಕೆ ತೊಂದರೆಯಿಲ್ಲ ಅಲ್ವಾ?

ಉ: ನನ್ನನ್ನು ಕೇಳಿದರೆ ನಮ್ಮ ಊರಲ್ಲಿ ಪೈಲಿಗಿಂತ ಬೋರ್‌ವೆಲ್ಲಿನ ಭಯವೇ ಜಾಸ್ತಿ. ಪೈಲಿಗೆ ಕನಿಷ್ಠ ಡ್ರಾಯಿಂಗ್ ಇರುತ್ತದೆ, ಅದಕ್ಕೊಬ್ಬ ಎಂಜಿನಿಯರ್ ಸಹಿ ಹಾಕಿರುತ್ತಾನೆ. ಬೋರ್‌ವೆಲ್ ಲಾರಿ ರಾತ್ರಿ ಹತ್ತಕ್ಕೆ ಬಂದು ಬೆಳಗಾಗುವುದರೊಳಗೆ ನೂರಾರು ಅಡಿ ಕೊರೆದು ಹೋಗಿಬಿಡುತ್ತದೆ. ತೆಂಗಿನಕಾಯಿ ಹಿಡಿದು ಜಾಗ ತೋರಿಸಿದವರಿಗೆ ಕೆಳಗೆ ನೀರು ಕಾಣಬಹುದು, ಮೆಟ್ರೊ ಕಾಣೋದಿಲ್ಲ.

ಪ್ರ: ನೆಲದಡಿಯ ಸ್ಟೇಷನ್ನೊಂದರಲ್ಲಿ ಚಾವಣಿಯಿಂದ ನೀರು ತೊಟ್ಟಿಕ್ಕುತ್ತಿದೆ. ಫೋಟೊ ಲಗತ್ತಿಸಿದ್ದೇನೆ. ಮೇಲೆ ಎಲ್ಲೋ ಪೈಲಿಂಗ್ ನಡೆದಿದೆಯಂತೆ. ಅಪಾಯವೇ?

ಉ: ಸುರಂಗದಲ್ಲಿ ನೀರು ಕಂಡಾಗ ನಾವು ಮೊದಲು ನೋಡುವುದು ಬಣ್ಣ. ತಿಳಿ ನೀರು ನಿಧಾನಕ್ಕೆ ಹನಿಯುತ್ತಿದ್ದರೆ ಗುರುತು ಹಾಕಿ ವಾರಕ್ಕೊಮ್ಮೆ ನೋಡುತ್ತೇವೆ. ಕದಡಿದ ನೀರು, ಅಥವಾ ಕೆಳಗೆ ಮರಳಿನ ಪುಟ್ಟ ಗುಡ್ಡೆ ಬಿದ್ದಿದ್ದರೆ ಅದೇ ರಾತ್ರಿ ಫೋನು ಹೋಗುತ್ತದೆ. ಯಾಕೆಂದರೆ ನೀರಿನ ಜೊತೆ ಹೊರಗಿನ ಮಣ್ಣೂ ಬರುತ್ತಿದೆ, ಹೊರಗೆ ಎಲ್ಲೋ ಪೊಳ್ಳಾಗುತ್ತಿದೆ ಅಂತ ಅರ್ಥ. ನಿಮ್ಮ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ನೀರು ತಿಳಿಯಾಗಿದೆ. ಮತ್ತೆ ಅದು ಬೀಳುತ್ತಿರುವುದು ಚಾವಣಿಯಿಂದಲ್ಲ, ಅದರ ಕೆಳಗಿನ ಎಸಿ ಕೊಳವೆಯಿಂದ.